ರಗ್ಬಿ ಮೈದಾನದ ‘ಟೆರೇಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಇಂಗ್ಲೆಂಡಿನ ಗ್ಲಾಸ್ಟರ್ ರಗ್ಬಿ ಕ್ಲಬ್ಬಿನ ಕಿಂಗ್ಸ್‌ಹೋಮ್ ಮೈದಾನದ ಬಗ್ಗೆ ಬರೆಯುತ್ತಿದ್ದೇನೆ. ‘ಟೆರೇಸ್’ ಅನ್ನುವ ಪದದ ಹತ್ತಿರ ಬರಹ ನಿಂತುಬಿಟ್ಟಿದೆ.

ರಗ್ಬಿ, ಫುಟ್‌ಬಾಲ್ ಮೈದಾನಗಳಲ್ಲಿ ಕುರ್ಚಿ ಇಲ್ಲದ, ಜನ ನಿಂತೇ ಆಟ ನೋಡುವ ಅಗಲ ಮೆಟ್ಟಿಲುಗಳ ಜಾಗಕ್ಕೆ ಅಲ್ಲಿನವರು ಟೆರೇಸ್ ಅನ್ನುತ್ತಾರೆ. ನಮಗೋ ಟೆರೇಸ್ ಅಂದರೆ ಮನೆಯ ತಾರಸಿ, ಹಪ್ಪಳ ಒಣಗಿಸುವ ಜಾಗ. ‘ಜನ ಟೆರೇಸಿನಲ್ಲಿ ನಿಂತು ಕೂಗುತ್ತಿದ್ದರು’ ಅಂತ ಬರೆದರೆ, ಪಕ್ಕದ ಮನೆಗಳ ಮೇಲೆ ಹತ್ತಿ ಪುಕ್ಕಟೆ ನೋಡುತ್ತಿದ್ದರು ಅಂದುಕೊಳ್ಳುತ್ತಾರೆ, ಅಲ್ವಾ?

ಈ ಪದ ಬಿಟ್ಟು ಕಿಂಗ್ಸ್‌ಹೋಮ್ ಕಥೆ ಹೇಳುವುದು ಕಷ್ಟ. ಕ್ಲಬ್ ಹುಟ್ಟಿದ್ದು 1873ರಲ್ಲಿ. ಮೊದಲು ಆಡುತ್ತಿದ್ದದ್ದು ‘ಸ್ಪಾ’ ಅನ್ನುವ ಮೈದಾನದಲ್ಲಿ, ಕ್ರಿಕೆಟ್‌ನವರ ಜೊತೆ. ಒಮ್ಮೆ ಹಿಮಗಟ್ಟಿದ ನೆಲ ಕರಗಲಿ ಅಂತ ರಗ್ಬಿಯವರು ಉಪ್ಪು ಸುರಿದರು. ಪಿಚ್‌ನ ಹುಲ್ಲು ಹಾಳಾಯಿತು, ಕ್ರಿಕೆಟ್‌ನವರು ಸಿಟ್ಟಾದರು. ಕೊನೆಗೆ 1891ರಲ್ಲಿ ರಗ್ಬಿಯವರು 4,000 ಪೌಂಡ್ ಕೊಟ್ಟು ‘ಕ್ಯಾಸಲ್ ಗ್ರಿಮ್’ ಅನ್ನುವ ಜಮೀನು ಕೊಂಡರು. ಅದೇ ಇವತ್ತಿನ ಮೈದಾನ. 1900ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಇಲ್ಲೇ ಆಡಿದವು. 2015ರ ರಗ್ಬಿ ವಿಶ್ವಕಪ್ಪಿನ ನಾಲ್ಕು ಪಂದ್ಯ ಕೂಡ ಇಲ್ಲಿ ನಡೆದವು.

1933ರಲ್ಲಿ ಬೆಂಕಿ ಬಿದ್ದು ಇಲ್ಲಿನ ಸ್ಟ್ಯಾಂಡ್ ಸುಟ್ಟುಹೋಯಿತು. (‘ಸ್ಟ್ಯಾಂಡ್ ಸುಟ್ಟಿತು’ ಅಂದರೆ ನಮ್ಮವರಿಗೆ ಬಸ್ ಸ್ಟ್ಯಾಂಡೇ ಕಣ್ಣಿಗೆ ಬರುತ್ತದೆ. ಅದಕ್ಕೆ ಬರಹದಲ್ಲಿ ‘ಗ್ಯಾಲರಿ’ ಅಂತ ಹಾಕಿದ್ದೇನೆ.) 2007ರಲ್ಲಿ ಹೊಸ ದೊಡ್ಡ ಗ್ಯಾಲರಿ ಬಂತು. ಈಗ ಒಟ್ಟು ಸುಮಾರು 16,000 ಜನ ಹಿಡಿಸುತ್ತಾರೆ. ಆದರೆ ಅದರ ಎದುರಿಗೆ, ಮೈದಾನದ ಉದ್ದಕ್ಕೂ ಇರುವ ಟೆರೇಸ್ ಹಾಗೇ ಉಳಿದಿದೆ. ಅದರ ಹೆಸರು ‘ದಿ ಶೆಡ್’. ತಗ್ಗಿನ ಮಾಡು, ಕೆಳಗೆ ಒತ್ತಾಗಿ ನಿಂತ ಜನ. ಕೂಗೆಲ್ಲ ಮಾಡಿಗೆ ಬಡಿದು ಮೈದಾನಕ್ಕೇ ವಾಪಸ್ ಬರುತ್ತದೆ. ಎದುರಾಳಿಗಳಿಗೆ ಅದರ ಬಿಸಿ ಚೆನ್ನಾಗಿ ಗೊತ್ತು.

1989ರಲ್ಲಿ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದ ಟೆರೇಸಿನಲ್ಲಿ ನೂಕುನುಗ್ಗಲಾಗಿ ಜನ ಸತ್ತ ದುರಂತದ ನಂತರ ಇಂಗ್ಲೆಂಡಿನ ದೊಡ್ಡ ಫುಟ್‌ಬಾಲ್ ಮೈದಾನಗಳಲ್ಲಿ ನಿಂತು ನೋಡುವುದನ್ನು ನಿಲ್ಲಿಸಿದರು. ಆ ನಿಯಮ ರಗ್ಬಿಗೆ ಇರಲಿಲ್ಲ. ಶೆಡ್ ಉಳಿಯುವುದಕ್ಕೆ ಅದೂ ಒಂದು ಕಾರಣ. ಹಾಗಾಗಿ ‘ನಿಲ್ಲುವುದು’ ಅನ್ನುವ ಅರ್ಥ ಪದದಲ್ಲಿ ಇರಲೇಬೇಕು. ‘ಗ್ಯಾಲರಿ’ ಇಲ್ಲಿ ಸಾಲದು, ಅಲ್ಲಿ ನಾವು ಕೂರುತ್ತೇವೆ. ‘ನಿಂತು ನೋಡುವ ಮೆಟ್ಟಿಲು’ ಸರಿಯಾದ ಮಾತೇ, ಆದರೆ ಪ್ರತಿ ಸಲ ಅಷ್ಟುದ್ದ ಬರೆಯೋಕಾಗಲ್ಲ.

ನನಗೆ ಹೊಳೆದದ್ದು ‘ನಿಲುಗಟ್ಟೆ’. ನಿಲುಗನ್ನಡಿ, ನಿಲುವಂಗಿ ಇದ್ದ ಹಾಗೆ. ಕಟ್ಟೆ ಅಂದ ಕೂಡಲೇ ಜನ ಸೇರುವುದು, ಮಾತು, ಗದ್ದಲ ಎಲ್ಲ ಬರುತ್ತದೆ. ತೊಡಕು ಏನೆಂದರೆ, ಕಟ್ಟೆ ನಮ್ಮಲ್ಲಿ ಕೂರುವ ಜಾಗ. ಮುಂದೆ ‘ನಿಲು’ ಸೇರಿಸಿದರೆ ಅದು ಸರಿಹೋಗುತ್ತದೋ, ಇಲ್ಲ ಕಿವಿಗೆ ಕಟುವಾಗುತ್ತದೋ, ನೀವು ಹೇಳಿ.

‘ಶೆಡ್’ ಮಾತ್ರ ಹಾಗೇ ಬಿಡುವವನಿದ್ದೇನೆ. ಅದು ಹೆಸರು, ಜೊತೆಗೆ ತಗಡಿನ ಶೆಡ್ಡು ನಮಗೂ ಗೊತ್ತು. ‘ಕೊಟ್ಟಿಗೆ’ ಅಂದರೆ ಅಲ್ಲಿನ ಅಭಿಮಾನಿಗಳನ್ನು ದನ ಮಾಡಿದ ಹಾಗಾಗುತ್ತದೆ!

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಕಂಬಳದಲ್ಲಿ ಕರೆಯ (ಕೋಣಗಳು ಓಡುವ ಕೆಸರಿನ ಹಾದಿಯ) ಪಕ್ಕ ಜನ ನಿಂತು ನೋಡುವ ಏರಿಗೆ ನಿಮ್ಮ ಕಡೆ ಬೇರೆ ಹೆಸರಿದೆಯಾ? ಇದ್ದರೆ ‘ನಿಲುಗಟ್ಟೆ’ ಬಿಟ್ಟು ಅದನ್ನೇ ಹಾಕುತ್ತೇನೆ.