ಮಗಳ ಉಳಿತಾಯ ಖಾತಿ ಸೊಸೈಟಿಯಾಗ ತೆಗಿಬೇಕೋ, ಬ್ಯಾಂಕಿನ್ಯಾಗೋ?

ತೊಗರಿನಾಡು (ಕಲಬುರಗಿ):
ಎಲ್ಲರಿಗೂ ನಮಸ್ಕಾರ್ರಿ. ನನ್ನ ಮಗಳು ಐದನೇತ್ತ ಓದ್ತಾಳ, ಹತ್ತು ತುಂಬ್ಯಾವ. ಶರಣಬಸವೇಶ್ವರ ಜಾತ್ರಿಗಿ ಸೋದರಮಾವ ಕೊಟ್ಟಿದ್ದು, ಹಬ್ಬಕ್ಕ ದೊಡ್ಡಪ್ಪ ಕೊಟ್ಟಿದ್ದು ಎಲ್ಲಾ ಒಂದು ಡಬ್ಬ್ಯಾಗ ಹಾಕಿಟ್ಟಾಳ, ಸೈಕಲ್ ತಗೊಬೇಕಂತ. ನಮ್ಮ ಕಿರಾಣಿ ಅಂಗಡಿಗಿ ದಿನಾ ಸಂಜಿಗಿ ಓಣ್ಯಾನ ಪತ್ತಿನ ಸಹಕಾರ ಸಂಘದ ಪಿಗ್ಮಿಯವರು ಬರ್ತಾರ, ನಾನು ಕಟ್ಟೋದು ನೋಡಿ "ಅಪ್ಪಾ ನನ್ನ ಹೆಸರಿಲೇನೂ ಒಂದು ಮಾಡ್ಸು, ನಾನೇ ಕೊಡ್ತೀನಿ" ಅಂತ ಗಂಟು ಬಿದ್ದಾಳ. ನನಗೂ ಆಸೆ ಅದ, ಯಾಕಂದ್ರ ಈಗ ಎಲ್ಲಾ ಫೋನ್‌ಪೇ, ಮಕ್ಕಳಿಗಿ ರೊಕ್ಕ ಹೋಗೋದು ಬರೋದು ಕಣ್ಣಿಗೇ ಕಾಣಲ್ಲ, ಸ್ಕ್ಯಾನ್ ಮಾಡಿದ್ರ ಸಾಮಾನು ಬರ್ತದ ಅಂತಷ್ಟೇ ಗೊತ್ತು. ಆದ್ರ ಮನ್ಯಾಗ ನಮ್ಮಕಿ ಸೊಸೈಟಿ ಬ್ಯಾಡ ಅಂತಾಳ, ಅವಳ ತವರಿನ ಕಡಿ ಒಂದು ಸೊಸೈಟಿ ಮುಚ್ಚಿ ಮಂದಿ ತಮ್ಮ ರೊಕ್ಕಕ್ಕ ಅಲದಾಡಿದ್ದು ಕಣ್ಣಾರೆ ನೋಡ್ಯಾಳ. ಮಕ್ಕಳ ಹೆಸರಿಲೆ ಇಟ್ಟವರು ಯಾರರೆ ಇದ್ರ ಹೇಳ್ರಿ.

ಭಾಲ್ಕಿ ಅಕ್ಕ:
ಅಣ್ಣಾರ, ಮಗಳು ತಾನಾಗೇ ಕೇಳ್ಯಾಳಂದ್ರ ಮುಂದಕ್ಕ ಹಾಕಬ್ಯಾಡ್ರಿ. ನಾನು ಸ್ವಸಹಾಯ ಸಂಘದಾಗ ಅದೀನಿ, ನಮ್ಮ ಬೀದರ್ ಜಿಲ್ಲಾದಾಗ ಡಿಸಿಸಿ ಬ್ಯಾಂಕು (ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು) ಹೆಣ್ಮಕ್ಕಳ ಸಂಘಗಳಿಗಿ ಸಾಲ ಕೊಟ್ಟೇ ಹೆಸರು ಮಾಡ್ಯದ. ಸಂಘದ ಸಭಿಗಿ ಹೋಗಾಗ ಮಗನ್ನ ಕರ್ಕೊಂಡು ಹೋಗ್ತೀನಿ, ಯಾರು ಎಷ್ಟು ಕಟ್ಟಿದ್ರು, ಯಾರು ಎಮ್ಮಿಗಿ ಸಾಲ ತಗೊಂಡ್ರು, ಯಾರು ಹೊಲಿಗಿ ಮಷಿನ್‌ಗಿ ತಗೊಂಡ್ರು, ಎಲ್ಲಾ ಅವನ ಮುಂದೇ ಲೆಕ್ಕ ಆಗ್ತದ. ಬಡ್ಡಿ ಅಂದ್ರೇನು ಅಂತ ನಾನು ಕುಂತು ಹೇಳೋ ಜರೂರತ್ತೇ ಬರಲಿಲ್ಲ, ಪಕ್ಕದ ಮನಿ ಕಾಕು ತಗೊಂಡ ಸಾಲದ ಬಡ್ಡಿ ನಮ್ಮೆಲ್ಲರ ಉಳಿತಾಯಕ್ಕ ಸೇರ್ತದ ಅಂತ ತಾನೇ ತಿಳ್ಕೊಂಡ.
ಒಂದೇ ಮಾತು, ಕಟ್ಟೋದು ಮಗು, ತೆಗಿಯೋದು ಅಪ್ಪ ಅಂತ ಆಗಬಾರ್ದು. ಸೈಕಲ್ ತಗೊಳ್ಳೋ ದಿನ ಆಕಿನ್ನೇ ಕೌಂಟರಿಗಿ ಕರ್ಕೊಂಡು ಹೋಗ್ರಿ. ಮತ್ತ ಅಂಗಡಿ ಮಾಲಿಗಿ ಕಮ್ಮಿ ಬಿತ್ತಂತ ಆ ರೊಕ್ಕಕ್ಕ ಕೈ ಹಾಕಬ್ಯಾಡ್ರಿ, ಒಂದು ಸಲ ಹಾಕಿದ್ರಿ ಅಂದ್ರ ಆಕಿ ಮತ್ತ ನಂಬಲ್ಲ.

ಶಹಾಪುರದವ:
ನಾನು ಸೌಹಾರ್ದ ಸಹಕಾರಿದಾಗ (ಪತ್ತಿನ ಸಂಘದಂಗೇ, ಕಾಯ್ದೆ ಅಷ್ಟೇ ಬ್ಯಾರೆ) ಕೆಲಸ ಮಾಡ್ತೀನಿ, ಅದಕ್ಕ ಬಿಚ್ಚಿ ಹೇಳ್ತೀನಿ. ನಿಮ್ಮ ಮನಿಯವರ ಅಂಜಿಕಿ ಖರೇ ಅದ. ಬ್ಯಾಂಕು ಮುಳುಗಿದ್ರ ಠೇವಣಿಗಿ ಡಿಐಸಿಜಿಸಿ (ಆರ್‌ಬಿಐ ಕಡಿ ಸಂಸ್ಥೆ) ವಿಮೆ 5 ಲಕ್ಷದ ತನಕ ಇರ್ತದ, ಡಿಸಿಸಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕಿಗೂ ಅದ. ಪತ್ತಿನ ಸಂಘ, ಸೌಹಾರ್ದಕ್ಕ ಇಲ್ಲ, 1959ರ ಸಹಕಾರ ಸಂಘಗಳ ಕಾಯ್ದೆದಾಗ ಇರ್ಲಿ 1997ರ ಸೌಹಾರ್ದ ಕಾಯ್ದೆದಾಗ ಇರ್ಲಿ. ಬಡ್ಡಿ ಒಂದು ಪರ್ಸೆಂಟ್ ಜಾಸ್ತಿ ಅಂತ ಯಾರರೆ ಅಂದ್ರ ಇದು ನೆನಪಿರ್ಲಿ.
ಹಂಗಂತ ಬ್ಯಾಡ ಅನ್ನಲ್ಲ. ಹದಿನೆಂಟು ತುಂಬದೆ ಆಕಿ ಸಂಘದ ಸದಸ್ಯೆ ಆಗಲ್ಲ, ಅಲ್ಲಿ ಖಾತಿ ಪಾಲಕರಾಗಿ ನೀವು ನಡಸ್ಬೇಕು. ನೀವರೆ ಸದಸ್ಯರು ಅದೀರಾ? ಬರೀ ಪಿಗ್ಮಿ ಕಟ್ಟೋರಿಗಿ ವೋಟು ಇರಲ್ಲ, ಷೇರು ತಗೊಂಡಿರ್ಬೇಕು. ಆಡಿಟ್‌ನ್ಯಾಗ ಸಂಘಕ್ಕ ಎ ಗ್ರೇಡ್ ಬಂದದೋ ಸಿ ಬಂದದೋ ಕೇಳ್ರಿ, ವಾರ್ಷಿಕ ವರದಿ ತಗೊಂಡು ಸುಸ್ತಿ ಸಾಲ (ಹೊತ್ತಿಗಿ ಮರಳಿ ಬರದ ಸಾಲ) ಎಷ್ಟು ಅದ ನೋಡ್ರಿ, ಮಹಾಸಭೆ ಸಪ್ಟೆಂಬರ್ 25ರೊಳಗ ಆಗ್ಬೇಕು, ಅಲ್ಲಿ ಎದ್ದು ನಿಂತು ಕೇಳೋ ಹಕ್ಕು ಸದಸ್ಯರಿಗಿ ಅದ. ವರದಿ ಕೊಡ್ಲಿಕ್ಕಿ ಹಿಂದ ಮುಂದ ನೋಡೋ ಸಂಘದಾಗ ಒಂದು ರೂಪಾಯಿನೂ ಇಡಬ್ಯಾಡ್ರಿ.
ಆಮ್ಯಾಲ 1905ರಾಗ ಗದಗ ಕಡಿ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ದೇಶದ ಮೊದಲ್ನೇ ಕೃಷಿ ಪತ್ತಿನ ಸಂಘ ಕಟ್ಟಿದ್ದು ನಿಮ್ಮ ಮಗಳಿಗಿ ಹೇಳ್ರಿ. ಊರ ರೊಕ್ಕ ಊರ ರೈತರಿಗೇ ಸಿಗೋ ದಾರಿ ಅದು, ಸಾವಕಾರ್ರ ಮನಿ ಬಾಗಲಿಗಿ ಹೋಗೋದು ತಪ್ತದ.

ಸೇಡಂ ಹುಡುಗ (ಈಗ ಡಲ್ಲಾಸ್):
ಇಲ್ಲಿ ಅಮೆರಿಕಾದಾಗ ಕ್ರೆಡಿಟ್ ಯೂನಿಯನ್ ಅಂತ ಇರ್ತಾವ, ನಮ್ಮ ಸಂಘದಂಗೇ ಖಾತಿ ತೆಗದವರೇ ಮಾಲಕರು. ಏಪ್ರಿಲ್ ತಿಂಗಳು ಪೂರ್ತಿ ಮಕ್ಕಳ ಉಳಿತಾಯಕ್ಕಂತೇ ಇಟ್ಟಾರ. ನನ್ನ ಮಗನ ಖಾತಿನೂ ಅಲ್ಲೇ ಅದ, ತಂದಿ ತಾಯಿ ಜಂಟಿ ಇರ್ತೀವಿ. ಆದ್ರ ಇಲ್ಲಿ ಕ್ರೆಡಿಟ್ ಯೂನಿಯನ್ನಿಗೂ ಸರ್ಕಾರದ ವಿಮೆ ಅದ, ಎರಡೂವರೆ ಲಕ್ಷ ಡಾಲರ್ ತನಕ. ನಮ್ಮ ಕಡಿ ಸಂಘಗಳಿಗಿ ಅಂಥಾದ್ದೇನರೆ ಬಂದ್ರ ಎಷ್ಟೋ ಮಂದಿ ಧೈರ್ಯದಿಂದ ಮಕ್ಕಳ ಹೆಸರಿಲೆ ಇಡ್ತಾರ, ಇದನ್ನ ನಾವು ಕೇಳ್ಬೇಕ್ರಿ.

ತೊಗರಿನಾಡು:
ಎಲ್ಲರಿಗೂ ಭಾಳ ಥ್ಯಾಂಕ್ಸ್. ನಾನು ಷೇರು ತಗೊಂಡಿಲ್ಲ, ಇಷ್ಟು ದಿನ ಅದನ್ನ ಯಾರೂ ಹೇಳೂ ಇರಲಿಲ್ಲ. ಹಂಗಾದ್ರ ಡಬ್ಬ್ಯಾಗಿನ ರೊಕ್ಕ ಡಿಸಿಸಿ ಬ್ಯಾಂಕಿನ್ಯಾಗ ಇಟ್ಟು, ದಿನಾ ಹತ್ತು ರೂಪಾಯಿ ಪಿಗ್ಮಿ ಸಂಘದಾಗ ಮಾಡ್ಸಿದ್ರ ಹೆಂಗ? ಬ್ಯಾಂಕಿನ್ಯಾಗ ಆಕಿನೇ ಸಹಿ ಮಾಡಬಹುದೇನ್ರಿ?

ಶಹಾಪುರದವ:
ಅದೇ ಛಲೋ. 2025ರ ಏಪ್ರಿಲ್‌ನ್ಯಾಗ ಆರ್‌ಬಿಐ ಹೇಳ್ಯದ, ಹತ್ತು ತುಂಬಿದ ಮಕ್ಕಳು ಉಳಿತಾಯ ಖಾತಿ ತಾವೇ ನಡಸಬಹುದು, ಸಹಕಾರಿ ಬ್ಯಾಂಕಿಗೂ ಅದು ಅನ್ವಯ ಆಗ್ತದ, ಆದ್ರ ಎಷ್ಟು ರೊಕ್ಕದ ತನಕ ಅಂತ ಆಯಾ ಬ್ಯಾಂಕು ಠರಾಯಿಸ್ತದ. ಆಕಿ ಆಧಾರ್, ಜನ್ಮ ದಾಖಲೆ, ಫೋಟೋ ತಗೊಂಡು ಹೋಗ್ರಿ. ಪಿಗ್ಮಿ ನಡುವ ಮುರಿದ್ರ ಏನು ಕಡಿತಾರ ಅನ್ನೋದು ಮೊದಲೇ ಬರಸ್ಕೊರಿ, ಕೊಟ್ಟ ದಿನಾನೇ ರಸೀದಿ ಇಲ್ಲಾ ಮೊಬೈಲಿಗಿ ಮೆಸೇಜು ಬರ್ಬೇಕು. ಅದನ್ನ ನೋಡೋ ಕೆಲಸ ಮಗಳಿಗೇ ವಹಿಸ್ರಿ.