ವಾರ್ಷಿಕ ಯೋಜನೆಗೆ ಎಂಥ ಚಿತ್ರ ಹಾಕಬೇಕು? ಅನುಭವ ಇದ್ದವರು ಹೇಳಿ

ಸಾಗರದ ಕಡೆಯಿಂದ ಪ್ರಶ್ನೆ:
ನಮ್ಮದು ಅಡಿಕೆ, ಕಾಳುಮೆಣಸು ಬೆಳೆಗಾರರ ಚಿಕ್ಕ ಸಂಘ. ಮುಂದಿನ ವರ್ಷದ ಕ್ರಿಯಾ ಯೋಜನೆ ಬರೆದು ಮುಗಿಸುವಷ್ಟರಲ್ಲಿ 28 ಪುಟವಾಯಿತು. ಕಳೆದ ಸಲ ಹೀಗೆಯೇ ಹಂಚಿದ್ದೆವು. ಊಟಕ್ಕೆ ಏಳುವಾಗ ಅರ್ಧ ಪ್ರತಿಗಳು ಕುರ್ಚಿಗಳ ಮೇಲೆಯೇ ಉಳಿದಿದ್ದವು, ಒಂದಂತೂ ಎಲೆ ಅಡಿಕೆ ತಟ್ಟೆಯ ಕೆಳಗೆ ಹಾಸಾಗಿತ್ತು. ನಿರ್ದೇಶಕರೊಬ್ಬರು ಪುಟಕ್ಕೊಂದು ಜೋಗದ ಫೋಟೊ ಹಾಕಿಸೋಣ ಎನ್ನುತ್ತಿದ್ದಾರೆ. ಖರ್ಚಿಗೆ ಹೆಚ್ಚು ಹಣವಿಲ್ಲ.

ತೀರ್ಥಹಳ್ಳಿಯಿಂದ:
ಜೋಗ ಬೇಡ. ನಾವು ಒಂದು ವರ್ಷ ಮುಖಪುಟಕ್ಕೆ ಕುಂದಾದ್ರಿ ಹಾಕಿಸಿದ್ದೆವು. ಸದಸ್ಯರು ಬೆಟ್ಟವನ್ನು ಹೊಗಳಿ ಮನೆಗೆ ಹೋದರು.

ನಮ್ಮ ಕೈ ಹಿಡಿದದ್ದು ಒಂದು ಉದ್ದನೆಯ ಹಾಳೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಮನೆ ಗೀಟಿದೆವು. ಮೇಲಿನ ಸಾಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ನೀಲಿ. ಅದರ ಕೆಳಗೆ ತೋಟದ ಕೆಲಸ: ಮಳೆ ಹಿಡಿಯುವ ಮುಂಚೆ, ಕಾಯಿ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆ, 40–45 ದಿನ ಬಿಟ್ಟು ಇನ್ನೊಂದು, ಆಮೇಲೆ ಕೊಯ್ಲು, ಸುಲಿತ. ಎಲ್ಲಕ್ಕಿಂತ ಕೆಳಗೆ ಸಂಘದ ಕೆಲಸಗಳನ್ನು ಗೆರೆಗಳಾಗಿ ಎಳೆದೆವು. ಕಚೇರಿಗಳಲ್ಲಿ ಇದಕ್ಕೆ ಗ್ಯಾಂಟ್ ಚಾರ್ಟ್ ಎನ್ನುತ್ತಾರೆ, ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರನ ಹೆಸರು. ನಮ್ಮಲ್ಲಿ ಅದು ‘ಮಳೆಪಟ್ಟಿ’ ಎಂದೇ ಆಗಿಹೋಯಿತು.

ಗೆರೆ ಎಳೆದ ಮೇಲೆ ಕಣ್ಣಿಗೆ ಬಿತ್ತು: ತರಬೇತಿಯನ್ನು ಇಟ್ಟುಕೊಂಡದ್ದು ನವೆಂಬರ್‌ನಲ್ಲಿ, ಎಲ್ಲರ ಅಂಗಳದಲ್ಲೂ ಅಡಿಕೆ ರಾಶಿ ಬಿದ್ದಿರುವಾಗ. ಮೈಲುತುತ್ತ ತರಿಸುವುದು ಜುಲೈನಲ್ಲಿ! ಹಿರಿಯರೊಬ್ಬರು ಆ ಗೆರೆಯ ಮೇಲೆ ಬೆರಳಿಟ್ಟು, ‘ತುತ್ತ ಬರುವ ಹೊತ್ತಿಗೆ ಕಾಯಿ ಉದುರಿ ಮುಗಿದಿರುತ್ತದಲ್ಲ’ ಎಂದರು. ಇದೇ ತಪ್ಪು ಬರಹದಲ್ಲಿ ಎರಡು ವರ್ಷ ಹಾಯಾಗಿ ಕುಳಿತಿತ್ತು, ನಾನೇ ಓದಿ ಹೇಳಿದ್ದೆ.

ಶಿವಮೊಗ್ಗದಿಂದ, ಮುದ್ರಣದ ಕೆಲಸ ಮಾಡುವವನು:
ಹಣದ ಪುಟಕ್ಕೆ ರೊಟ್ಟಿ ಹೋಳು ಮಾಡಿದಂಥ ವೃತ್ತಚಿತ್ರ ಕೇಳಿಕೊಂಡು ಬರುವವರೇ ಹೆಚ್ಚು. ನಾನು ಕಂಬಗಳನ್ನು ಹಾಕಿಸಿ ಎನ್ನುತ್ತೇನೆ. ಕಣ್ಣು ಕೋನಕ್ಕಿಂತ ಒಂದೇ ಬುಡದಿಂದ ಎದ್ದ ಕಂಬಗಳ ತುದಿಯನ್ನು ಚೆನ್ನಾಗಿ ಅಳೆಯುತ್ತದೆ, 1984ರಲ್ಲಿ ಕ್ಲೀವ್‌ಲೆಂಡ್ ಮತ್ತು ಮ್ಯಾಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. ಕಂಬ ಸೊನ್ನೆಯಿಂದಲೇ ಏಳಲಿ, ಇಲ್ಲದಿದ್ದರೆ ಚಿಕ್ಕ ವ್ಯತ್ಯಾಸ ಗುಡ್ಡದಂತೆ ಕಾಣುತ್ತದೆ. ಕೆಂಪು, ಹಸಿರು ಪಕ್ಕಪಕ್ಕ ಬೇಡ: ಜೆರಾಕ್ಸ್‌ನಲ್ಲಿ ಎರಡೂ ಒಂದೇ ಬೂದಿ ಬಣ್ಣ. ಇನ್ನೊಂದು ಮಾತು, ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸಿ, ಪಿಡಿಎಫ್ ಮಾಡಿ ಕಳುಹಿಸಿ. ಸದಸ್ಯರ ಮೊಬೈಲ್‌ನಲ್ಲಿ ಅಕ್ಷರಗಳೆಲ್ಲ ಗೊಜ್ಜಾಗಿ ಬಂದರೆ ಬೈಗುಳ ತಿನ್ನುವವರು ನಾವು.

ಹೊಸನಗರದಿಂದ:
ನಾನು ಸೋತದ್ದನ್ನು ಹೇಳುತ್ತೇನೆ. ನಮ್ಮ ಮಹಿಳಾ ಸಂಘಗಳ ಯೋಜನೆಯನ್ನು ಮರವಾಗಿ ಬರೆಸಿದ್ದೆವು. ಬೇರಿನಲ್ಲಿ ಉದ್ದೇಶ, ಕೊಂಬೆಯಲ್ಲಿ ಕೆಲಸ, ಹಣ್ಣಿನಲ್ಲಿ ಫಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರು, ಯಾವಾಗ, ಎಷ್ಟು ದುಡ್ಡಿನಲ್ಲಿ ಮಾಡುತ್ತಾರೆ ಎಂದು ಮರ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಮರುವರ್ಷ ಹಸೆ ಚಿತ್ತಾರದ ಅಂಚು. ಸಾಗರದ ಅಕ್ಕಾ, ನಿಮ್ಮ ಕಡೆಯ ದೀವರ ಮನೆಗಳ ಕಲೆ, ನಿಮಗೇ ಹೆಚ್ಚು ಗೊತ್ತು: ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ನಾವು ಅದನ್ನು ಕಂಪ್ಯೂಟರ್‌ನಲ್ಲಿ ನಕಲು ಮಾಡಿ ಅಂಕಿಗಳ ಸುತ್ತ ಅಂಟಿಸಿದೆವು. ಚಿತ್ತಾರ ಬರೆಯುವ ಸದಸ್ಯೆಯೊಬ್ಬರು ಹಾಳೆಯನ್ನು ಅತ್ತಿತ್ತ ತಿರುಗಿಸಿ, ‘ಮದುವೆ ಮನೆಯ ಗೋಡೆಗೆ ಬರೆಯುವುದನ್ನು ಸಾಲದ ಬಾಕಿಯ ಸುತ್ತ ಯಾಕೆ ಬರೆಸಿದಿರಿ?’ ಎಂದರು. ಉತ್ತರ ಹೊಳೆಯಲಿಲ್ಲ. ಬಳಸುವುದಾದರೆ ಬರೆಯುವವರನ್ನೇ ಕೇಳಿ, ಕೂಲಿ ಕೊಟ್ಟು ಬರೆಸಿ.

ಸಾಗರದಿಂದ ಮತ್ತೆ:
ಎಲ್ಲರಿಗೂ ವಂದನೆ. ಹೋದ ಭಾನುವಾರ ಖಾಕಿ ಕಾಗದವನ್ನು ನೆಲಕ್ಕೆ ಹಾಸಿ ಮಳೆಪಟ್ಟಿ ಬರೆದೆವು. ತಮಗೆ ಬೇಕೇ ಬೇಕು ಎನಿಸಿದ ಕೆಲಸದ ಮೇಲೆ ಒಬ್ಬೊಬ್ಬರೂ ಒಂದೊಂದು ಗೋಟಡಿಕೆ ಇಡಲಿ ಎಂದೆವು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರ ವಿಮೆಯ ಮೇಲೆ ರಾಶಿ ಬಿತ್ತು. ಕಚೇರಿಗೆ ಸುಣ್ಣ ಬಣ್ಣ ಎಂಬ ಸಾಲಿನಲ್ಲಿ ಒಂದೇ ಒಂದು, ಅದನ್ನು ಇಟ್ಟವರು ಅಧ್ಯಕ್ಷರು. ಈಗ ಯೋಜನೆ ನಾಲ್ಕು ಪುಟಕ್ಕೆ ಇಳಿದಿದೆ, ಉಳಿದದ್ದು ಕಚೇರಿಯಲ್ಲಿ ಬೇಕಾದವರಿಗೆ ಸಿಗುತ್ತದೆ. ಜೋಗದ ಫೋಟೊ ಮಾತ್ರ ಹಿಂಬದಿಯ ಪುಟದಲ್ಲಿ ಇರುತ್ತದೆ. ನಿರ್ದೇಶಕರ ಜೊತೆ ಅಷ್ಟಕ್ಕೆ ರಾಜಿಯಾಗಿದೆ.