ಕರ್ನಲ್ ಅಪ್‌ಡೇಟ್ ಆದ ಮೇಲೆ ವೈಫೈ ಇಲ್ಲ, ಮಾಡ್ಯೂಲ್ ಎರರ್. ಅರ್ಜೆಂಟ್!

ಸಿಂಧನೂರು_ನೆಟ್: ಅಂಗಡಿ ಸಿಸ್ಟಮ್‌ಗೆ ಉಬುಂಟು (ಲಿನಕ್ಸ್) ಅಪ್‌ಡೇಟ್ ಕೊಟ್ಟೆ, ಕರ್ನಲ್ ಅಂದರೆ ಸಿಸ್ಟಮ್‌ನ ತಿರುಳೂ ಬದಲಾಯಿತು. ರೀಸ್ಟಾರ್ಟ್ ಆದ ಮೇಲೆ ವೈಫೈ ಕಾಣುತ್ತಲೇ ಇಲ್ಲ. ಮಾಡ್ಯೂಲ್ (ಡ್ರೈವರ್ ಫೈಲ್) ‘ನಾಟ್ ಫೌಂಡ್’ ಅಂತ ಬರುತ್ತಿದೆ. ನಿನ್ನೆವರೆಗೆ ಎಲ್ಲ ಸರಿ ಇತ್ತು. ಪಹಣಿ ತೆಗೆಸಲು ಬಂದ ಜನ ವಾಪಸ್ ಹೋಗುತ್ತಿದ್ದಾರೆ. ಬೇಗ ಹೇಳ್ರಿ.

ಕೋಟೆಗುಡ್ಡ_ಬಳ್ಳಾರಿ: ಸೆಕ್ಯೂರ್ ಬೂಟ್, ಸಹಿ ಇಲ್ಲದ ಡ್ರೈವರ್ ತಡೆಯುತ್ತೆ. ಬಯಾಸ್‌ಗೆ ಹೋಗಿ ಆಫ್ ಮಾಡಿ.

ಭತ್ತದನಾಡು: ಯಾವ ವೈಫೈ ಸರ್? ಟರ್ಮಿನಲ್‌ನಲ್ಲಿ ‘ಯುನೇಮ್ -ಆರ್’ (ಕರ್ನಲ್ ಯಾವುದು), ‘ಎಲ್‌ಎಸ್‌ಯುಎಸ್‌ಬಿ’ (ಯುಎಸ್‌ಬಿ ಸಾಧನ ಯಾವುದು) ಎರಡೂ ಕೊಟ್ಟು, ಬಂದದ್ದನ್ನು ಇಲ್ಲಿ ಹಾಕಿ.

ಸಿಂಧನೂರು_ನೆಟ್: ಯುಎಸ್‌ಬಿ ಡಾಂಗಲ್. ಸೆಕ್ಯೂರ್ ಬೂಟ್ ಆಫ್ ಮಾಡಿದೆ, ಏನೂ ಬದಲಾಗಲಿಲ್ಲ.

ಕೋಟೆಗುಡ್ಡ_ಬಳ್ಳಾರಿ: ಸೇವ್ ಆಗಿರಲ್ಲ. ‘ಮೊಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟು ಆನ್ ಇದೆಯೋ ಆಫೋ ನೋಡಿ. ನಮ್ಮ ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಇದೇ ಆಗಿತ್ತು.

ಭತ್ತದನಾಡು: ಅಣ್ಣಾ, ಸೆಕ್ಯೂರ್ ಬೂಟ್ ತಡೆದರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಂತ ಬರುತ್ತೆ. ಇವರದು ‘ನಾಟ್ ಫೌಂಡ್’. ಫೈಲೇ ಅಲ್ಲಿಲ್ಲ ಅಂತ ಅರ್ಥ.

ಕೋಟೆಗುಡ್ಡ_ಬಳ್ಳಾರಿ: ಆದರೂ ಅದನ್ನು ಮೊದಲು ಖಚಿತ ಮಾಡಿಕೊಳ್ಳಲಿ.

ಕೃಷ್ಣಾತೀರ_ರಾಯಚೂರು: ಅಪ್‌ಡೇಟ್ ನಡುವೆ ಕರೆಂಟ್ ಹೋಗಿತ್ತಾ? ಹಾಗಿದ್ದರೆ ‘ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ, ಅರ್ಧಕ್ಕೆ ನಿಂತದ್ದು ಮುಗಿಯುತ್ತೆ. ನಾನು ಯುಪಿಎಸ್ ಇಲ್ಲದೆ ಅಪ್‌ಡೇಟ್ ಮುಟ್ಟುವುದೇ ಇಲ್ಲ. ನನ್ನದು ಡೆಬಿಯನ್ 12, ಡಬಲ್ ಬ್ಯಾಟರಿ ಇನ್ವರ್ಟರ್, ಕೇಸ್‌ಗೆ ದೊಡ್ಡ ಫ್ಯಾನ್‌ಗಳು. ನಮ್ಮ ಬೇಸಿಗೆಯಲ್ಲೂ ಪ್ರೊಸೆಸರ್ ಬಿಸಿಯಾಗಲ್ಲ. ಕರ್ನಲ್ 6.1, ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಕೋಟೆಗುಡ್ಡ_ಬಳ್ಳಾರಿ: ಹಳೇ ಕರ್ನಲ್ ಹಿಡಿದುಕೊಂಡು ಕೂರೋದು ಸೆಕ್ಯುರಿಟಿಗೆ ಒಳ್ಳೆಯದಲ್ಲ.

ಕೃಷ್ಣಾತೀರ_ರಾಯಚೂರು: 6.1 ಎಲ್‌ಟಿಎಸ್ ರೀ, ದೀರ್ಘಕಾಲ ಬೆಂಬಲ ಇರುವ ಕರ್ನಲ್. ಪ್ಯಾಚ್ ಬರುತ್ತವೆ. ಸುಮ್ನೆ ಹಳೇದು ಅನ್ನಬೇಡಿ.

ಸಿಂಧನೂರು_ನೆಟ್: ಕರೆಂಟ್ ಹೋಗಿಲ್ಲ. ಉಬುಂಟು 22.04. ಈಗ 6.8, ಮೊದಲು 5.15 ಇತ್ತು. ಎಲ್‌ಎಸ್‌ಯುಎಸ್‌ಬಿಯಲ್ಲಿ ರಿಯಲ್‌ಟೆಕ್ 0ಬಿಡಿಎ:ಸಿ811. ಪರಿಚಯದ ಹುಡುಗ ಡ್ರೈವರ್‌ನ ಸೋರ್ಸ್ ಕೋಡ್ ತಂದು ‘ಮೇಕ್’ ಕೊಟ್ಟು ಕಟ್ಟಿ ಹಾಕಿಕೊಟ್ಟಿದ್ದ. 8821ಸಿಯು ಅಂತ ಡ್ರೈವರ್ ಹೆಸರು.

ಭತ್ತದನಾಡು: ಸರ್, ಬೇಕಿದ್ದದ್ದು ಇದೇ! ಹೊರಗಿನಿಂದ ಕಟ್ಟಿದ ಮಾಡ್ಯೂಲ್ ಯಾವ ಕರ್ನಲ್‌ಗೆ ಕಟ್ಟಿದೆಯೋ ಅದಕ್ಕೆ ಮಾತ್ರ. ‘/ಲಿಬ್/ಮಾಡ್ಯೂಲ್ಸ್’ ಒಳಗೆ ಪ್ರತಿ ಕರ್ನಲ್‌ಗೂ ಬೇರೆ ಫೋಲ್ಡರ್ ಇರುತ್ತೆ. ನಿಮ್ಮ ಡ್ರೈವರ್ 5.15ರ ಫೋಲ್ಡರ್‌ನಲ್ಲೇ ಉಳಿದಿದೆ. ಡಿಕೆಎಂಎಸ್ (ಕರ್ನಲ್ ಬದಲಾದಾಗ ಮಾಡ್ಯೂಲ್ ಮತ್ತೆ ಕಟ್ಟುವ ಸಾಧನ) ಮೂಲಕ ಹಾಕಿದ್ದು, ಹೆಡರ್ಸ್ (ಕಟ್ಟಲು ಬೇಕಾದ ಕರ್ನಲ್ ಫೈಲ್‌ಗಳು) ಕೂಡ ಇದ್ದಿದ್ದರೆ ಹೊಸ ಕರ್ನಲ್‌ಗೆ ಅದೇ ಮತ್ತೆ ಕಟ್ಟಲು ನೋಡುತ್ತಿತ್ತು. ಹಳೇ ಫೈಲ್ ಕಾಪಿ ಮಾಡಿ ಹೊಸ ಫೋಲ್ಡರ್‌ಗೆ ಹಾಕಬೇಡಿ, ವರ್ಮ್ಯಾಜಿಕ್ (ಮಾಡ್ಯೂಲ್‌ನಲ್ಲಿರುವ ಕರ್ನಲ್ ಆವೃತ್ತಿಯ ಗುರುತು) ಹೊಂದಲ್ಲ, ಕರ್ನಲ್ ಒಪ್ಪಲ್ಲ.

ಈಗ ಗಿರಾಕಿಗಳು ಕಾಯುತ್ತಿದ್ದರೆ ರೀಸ್ಟಾರ್ಟ್ ಮಾಡಿ, ಗ್ರಬ್‌ನಲ್ಲಿ (ಶುರುವಿನ ಬೂಟ್ ಮೆನು) ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ 5.15 ಆರಿಸಿ. ಅಂಗಡಿ ನಡೆಯುತ್ತೆ.

ಸಂಜೆ ಬಿಡುವಾದಾಗ 6.8ಕ್ಕೆ ಬನ್ನಿ. ಈ ಚಿಪ್‌ಗೆ 6.2ರಿಂದ ಕರ್ನಲ್ ಒಳಗೇ ಡ್ರೈವರ್ ಇದೆ, ‘ಆರ್‌ಟಿಡಬ್ಲ್ಯು88_8821ಸಿಯು’. ಅದು ಏಳುತ್ತಿಲ್ಲ ಅಂದರೆ ಹಳೇ ಡ್ರೈವರ್ ಹಾಕಿದಾಗ ಅದನ್ನು ತಡೆಯುವ ಬ್ಲ್ಯಾಕ್‌ಲಿಸ್ಟ್ ಸಾಲು ಸೇರಿರಬೇಕು. ‘/ಇಟಿಸಿ/ಮಾಡ್‌ಪ್ರೋಬ್.ಡಿ’ ಒಳಗೆ ಹುಡುಕಿ ತೆಗೆಯಿರಿ. ‘/ಇಟಿಸಿ/ಮಾಡ್ಯೂಲ್ಸ್’ನಲ್ಲಿ (ಬೂಟ್ ಆಗುವಾಗ ಹಾಕುವ ಮಾಡ್ಯೂಲ್‌ಗಳ ಪಟ್ಟಿ) 8821ಸಿಯು ಇದ್ದರೆ ಅದನ್ನೂ ಅಳಿಸಿ.

ಕೋಟೆಗುಡ್ಡ_ಬಳ್ಳಾರಿ: ಸೆಕ್ಯೂರ್ ಬೂಟ್ ಮಾತ್ರ ಆಫ್ ಇರಲಿ.

ಭತ್ತದನಾಡು: ಬೇಕಿಲ್ಲ ಅಣ್ಣಾ. ಉಬುಂಟು ಕರ್ನಲ್ ಜೊತೆ ಬರುವ ಮಾಡ್ಯೂಲ್‌ಗೆ ಸಹಿ ಇರುತ್ತೆ. ತಿರುಗಿ ಆನ್ ಮಾಡಿಕೊಳ್ಳಬಹುದು.

ಸಿಂಧನೂರು_ನೆಟ್: ಬ್ಲ್ಯಾಕ್‌ಲಿಸ್ಟ್ ಸಾಲು ಇತ್ತು! ತೆಗೆದು ರೀಸ್ಟಾರ್ಟ್ ಮಾಡಿದೆ, 6.8ರಲ್ಲೇ ವೈಫೈ ಬಂತು. ಬಹಳ ಉಪಕಾರ ಆಯ್ತು ಸರ್.

ಕಾರಟಗಿ_ತಮ್ಮ: ನನ್ನ ಡಾಂಗಲ್ 8812ಎಯು. ಉಬುಂಟು 22.04, 6.8. ಇದೇ ಎರರ್. ನನಗೂ ಬ್ಲ್ಯಾಕ್‌ಲಿಸ್ಟ್ ತೆಗೆದರೆ ಸಾಕಾ ಅಣ್ಣಾ?

ಭತ್ತದನಾಡು: ಸಾಲಲ್ಲ ತಮ್ಮಾ. ಆ ಚಿಪ್‌ನ ಡ್ರೈವರ್ ಕರ್ನಲ್ ಒಳಗೆ ಸೇರಿದ್ದು 6.8 ಆದ ಮೇಲೆ. ಫೋನ್‌ನಿಂದ ಕೇಬಲ್ ಹಾಕಿ ಟೆದರಿಂಗ್ ಮಾಡಿ, ‘ಲಿನಕ್ಸ್-ಹೆಡರ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-22.04’ ಹಾಕಿಕೋ. ಆಮೇಲೆ ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟು ಏನು ಬರುತ್ತೆ ತೋರಿಸು.

ಕೃಷ್ಣಾತೀರ_ರಾಯಚೂರು: ಯುಪಿಎಸ್ ಇದೆಯಾ ನಿನ್ನ ಹತ್ತಿರ?